ಸೊಂಟದ ಉಳುಕಿಗೆ ಮನೆಮದ್ದು: ಪುತ್ತೂರು, ಸುಳ್ಯ, ಕಡಬ

ಭಾರ ಎತ್ತುವಾಗ, ಬಗ್ಗಿ ಏಳುವಾಗ, ಮೈ ತಿರುಚಿದಾಗ ಅಥವಾ ಕಾಲು ಜಾರಿದಾಗ ಬೆನ್ನಿನ ಕೆಳಭಾಗದಲ್ಲಿ ಏಕಾಏಕಿ ಕಾಣಿಸಿಕೊಳ್ಳುವ ನೋವು ಮತ್ತು ಬಿಗಿತವನ್ನು ಶಮನಗೊಳಿಸಲು ಮನೆಯಲ್ಲೇ ಮಾಡುವ ಶಾಖ, ಎಣ್ಣೆ, ಪಟ್ಟು, ಸೊಪ್ಪಿನ ಸ್ನಾನ ಮತ್ತು ಗಂಜಿಯ ಉಪಚಾರಗಳೇ ಸೊಂಟದ ಉಳುಕಿನ ಮನೆಮದ್ದು. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳಲ್ಲಿ ಈ ಪದ್ಧತಿ ಅಡಿಕೆ ತೋಟದ ದುಡಿಮೆಯ ಜೊತೆಗೇ ಬೆಳೆದು ಬಂದಿದೆ. ತುಳು, ಹವ್ಯಕ ಕನ್ನಡ, ಅರೆಭಾಷೆ, ಬ್ಯಾರಿ, ಮಲಯಾಳ, ಕೊಂಕಣಿ ಆಡುವ ಮನೆಗಳಲ್ಲಿ ಗಿಡಗಳ ಹೆಸರು ಬೇರೆಯಾದರೂ ಉಪಚಾರದ ಕ್ರಮ ಬಹುಮಟ್ಟಿಗೆ ಒಂದೇ.

ಪರಿಭಾಷೆ

ಈ ಲೇಖನದಲ್ಲಿ ‘ಉಳುಕು’ ಎಂದರೆ ಎಲುಬು ಮುರಿಯದೆ ಸ್ನಾಯುವಿಗೋ ಅಸ್ಥಿಬಂಧಕ್ಕೋ ಆದ ಗಾಯ. ಗಾಯದ ಸುತ್ತಲಿನ ಸ್ನಾಯು ತಾನಾಗಿ ಬಿಗಿದುಕೊಂಡು ನೇರ ನಿಲ್ಲಲಾಗದ ಸ್ಥಿತಿ ‘ಸೊಂಟ ಹಿಡಿತ’. ಮೇಲಿನಿಂದ ಬಿದ್ದು ಅಥವಾ ಏನಾದರೂ ಬಡಿದು ಆದದ್ದು ‘ಪೆಟ್ಟು’. ದಿನಬಳಕೆಯ ಮಾತಿನಲ್ಲಿ ಈ ಮೂರನ್ನೂ ಉಳುಕು ಎಂದೇ ಕರೆಯುವುದುಂಟು. ತುಳುವಿನಲ್ಲಿ ಬೆನ್ನು ನೋವಿಗೆ ‘ಬೆರಿ ಬೇನೆ’, ಔಷಧಿಗೆ ‘ಮರ್ದ್’ ಎಂಬ ಮಾತುಗಳಿವೆ. ಮನೆಮದ್ದು ಉಳುಕಿಗೂ ಹಿಡಿತಕ್ಕೂ ಸಲ್ಲುವಂಥದ್ದು, ಪೆಟ್ಟಿಗೆ ಸಲ್ಲದು. ಈ ಭೇದವನ್ನು ಮೊದಲು ಗೊತ್ತುಮಾಡಿಕೊಳ್ಳದೆ ಎಣ್ಣೆ ಕಾಯಿಸಲು ಹೊರಡುವುದೇ ಈ ಪದ್ಧತಿಯ ಬಳಕೆಯಲ್ಲಿ ನಡೆಯುವ ಅತಿ ದೊಡ್ಡ ತಪ್ಪು.

ಪ್ರದೇಶ ಮತ್ತು ದುಡಿಮೆ

ಪಶ್ಚಿಮ ಘಟ್ಟದ ಬುಡದಲ್ಲಿರುವ ಈ ಮೂರು ತಾಲೂಕುಗಳು ಅಡಿಕೆ, ತೆಂಗು, ಕಾಳುಮೆಣಸು, ಕೊಕ್ಕೊ, ಗೇರು ಮತ್ತು ರಬ್ಬರ್ ಬೆಳೆಯುವ ಗುಡ್ಡಗಾಡು. ಸುಳ್ಯದ ಗಡಿ ಒಂದೆಡೆ ಕೊಡಗಿಗೆ, ಇನ್ನೊಂದೆಡೆ ಕೇರಳದ ಕಾಸರಗೋಡಿಗೆ ತಾಗಿದೆ. ಪುತ್ತೂರು ಮತ್ತು ಸುಳ್ಯದ ಗ್ರಾಮಗಳನ್ನು ಸೇರಿಸಿ ರೂಪಿಸಿದ ಕಡಬ ಹೊಸ ತಾಲೂಕು. ಕುಕ್ಕೆ ಸುಬ್ರಹ್ಮಣ್ಯ ಈಗ ಅದರ ವ್ಯಾಪ್ತಿಯಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲಿ ಮುರಕಲ್ಲಿನ ಮೆಟ್ಟಿಲು, ತೋಟದ ಕಣಿಗೆ ಅಡ್ಡ ಹಾಕಿದ ಅಡಿಕೆ ಮರದ ಸಂಕ, ಬಾವಿಕಟ್ಟೆ ಎಲ್ಲವೂ ಪಾಚಿಗಟ್ಟಿ ಜಾರುತ್ತವೆ.

ಇಲ್ಲಿನ ದುಡಿಮೆಯಲ್ಲಿ ಬೆನ್ನಿಗೆ ಹೊರೆ ಬೀಳದ ಕೆಲಸ ಕಡಿಮೆ. ಉದುರಿದ ಅಡಿಕೆಯನ್ನು ಗಂಟೆಗಟ್ಟಲೆ ಬಗ್ಗಿ ಹೆಕ್ಕಬೇಕು. ಹಟ್ಟಿಗೊಬ್ಬರ, ಸೊಪ್ಪು, ಹುಲ್ಲಿನ ಹೊರೆಯನ್ನು ತಗ್ಗು ದಿಣ್ಣೆಗಳಲ್ಲಿ ತಲೆಯ ಮೇಲೆ ಹೊರಬೇಕು. ಮನೆ ಕಟ್ಟುವ ಕೆಂಪುಕಲ್ಲು ಒಂದೊಂದೂ ಸುಮಾರು 30 ಕಿಲೋ ತೂಗುತ್ತದೆ. ಅದನ್ನು ನೆಲದಿಂದ ಎತ್ತಿ ಮೈ ತಿರುಗಿಸಿ ಲಾರಿಗೆ ಹಾಕುವ ಚಲನೆ ಸೊಂಟದ ಮಟ್ಟಿಗೆ ಅತ್ಯಂತ ಕೆಟ್ಟದ್ದು. ರಬ್ಬರ್ ಮರದ ಕೆಳಪಟ್ಟಿಯಲ್ಲಿ ಹಾಲು ತೆಗೆಯುವವರು ಬೆಳಗಿನ ಜಾವದಿಂದಲೇ ಮರದಿಂದ ಮರಕ್ಕೆ ಬಾಗುತ್ತ ಸಾಗಬೇಕು. 1964ರ ಭಾರತ–ಶ್ರೀಲಂಕಾ ಒಪ್ಪಂದದ ನಂತರ ಬಂದು ಇಲ್ಲಿ ನೆಲೆಸಿದ ತಮಿಳು ಕುಟುಂಬಗಳಲ್ಲಿ ಅನೇಕರು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಈ ಕೆಲಸ ಮಾಡುತ್ತಾ ಬಂದಿದ್ದಾರೆ. ಬೀಡಿ ಕಟ್ಟುವ ಹೆಂಗಸರದು ಬೇರೆ ಕಥೆ. ಅವರ ನೋವು ಏಕಾಏಕಿ ಬರುವುದಲ್ಲ, ವರ್ಷಗಟ್ಟಲೆ ನೆಲದ ಮೇಲೆ ಕುಳಿತು ಗಟ್ಟಿಯಾಗುವಂಥದ್ದು.

ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಸಿಂಪಡಿಸಬೇಕು. ಇದಕ್ಕೆ ಸ್ಥಳೀಯವಾಗಿ ‘ಮದ್ದು ಬಿಡುವುದು’ ಎನ್ನುತ್ತಾರೆ. ಮಳೆ ಬಿಟ್ಟ ಹೊತ್ತು ನೋಡಿ ಒದ್ದೆ ಮರ ಹತ್ತುವ ಈ ಕೆಲಸದಲ್ಲಿ ಕೈ ತಪ್ಪಿದರೆ ಆಗುವುದು ಉಳುಕಲ್ಲ, ಪೆಟ್ಟು.

ದೇಹರಚನೆ ಮತ್ತು ನೋವಿನ ಕಾರಣ

ಸೊಂಟದಲ್ಲಿ ಐದು ಕಶೇರುಕಗಳಿವೆ. ಎರಡು ಕಶೇರುಕಗಳ ನಡುವೆ ಮೆತ್ತೆಯಂಥ ಡಿಸ್ಕ್, ಹಿಂಭಾಗದಲ್ಲಿ ಸಣ್ಣ ಕೀಲುಗಳು, ಸುತ್ತ ಅಸ್ಥಿಬಂಧಗಳು, ಇಕ್ಕೆಲಗಳಲ್ಲಿ ಬೆನ್ನನ್ನು ನೆಟ್ಟಗೆ ಹಿಡಿದಿಡುವ ಉದ್ದ ಸ್ನಾಯುಗಳಿವೆ. ಬಾಗಿದ ಭಂಗಿಯಲ್ಲಿ ಭಾರ ಎತ್ತಿ ಅದೇ ಕ್ಷಣದಲ್ಲಿ ತಿರುಗಿದರೆ ಈ ಸ್ನಾಯು ಮತ್ತು ಬಂಧಗಳ ನಾರುಗಳು ಜಗ್ಗುತ್ತವೆ ಅಥವಾ ಹರಿಯುತ್ತವೆ. ಆಗ ಸುತ್ತಲಿನ ಸ್ನಾಯು ರಕ್ಷಣೆಗೆಂಬಂತೆ ಸೆಟೆದುಕೊಳ್ಳುತ್ತದೆ. ಗಾಯಕ್ಕಿಂತ ಈ ಸೆಟೆತದಿಂದಲೇ ರೋಗಿ ಹೆಚ್ಚು ನರಳುವುದುಂಟು. ಬಿಸಿ ತಾಗಿದಾಗ ಹಾಯೆನಿಸುವುದಕ್ಕೂ ಇದೇ ಕಾರಣ.

ಡಿಸ್ಕಿನ ಒಳತಿರುಳು ಹೊರಚಾಚಿ ನರವನ್ನು ಒತ್ತಿದಾಗ ನೋವು ಪೃಷ್ಠದಿಂದ ತೊಡೆ, ಮೀನಖಂಡ, ಪಾದದವರೆಗೆ ಎಳೆಯುತ್ತದೆ. ಇದು ಹೆಚ್ಚಾಗಿ ಕೊನೆಯ ಎರಡು ಡಿಸ್ಕುಗಳಲ್ಲಿ ಕಾಣಿಸುತ್ತದೆ. ಆಯುರ್ವೇದ ಸೊಂಟದ ಬಿಗಿತವನ್ನು ಕಟಿಗ್ರಹವೆಂದೂ ಕಾಲಿಗೆ ಎಳೆಯುವ ನೋವನ್ನು ಗೃಧ್ರಸಿಯೆಂದೂ ಬೇರ್ಪಡಿಸಿ ಎರಡನ್ನೂ ವಾತವಿಕಾರಗಳಲ್ಲಿ ಸೇರಿಸಿದೆ.

ಮೂಲ

ಈ ಪ್ರದೇಶದ ಮನೆಮದ್ದಿನ ಹಿಂದೆ ಎರಡು ಪರಂಪರೆಗಳಿವೆ. ಒಂದು, ಬೇಲಿಯ ಗಿಡ ಮತ್ತು ಅಡುಗೆಮನೆಯ ಸಾಮಾನನ್ನು ನೆಚ್ಚಿ ಮನೆಯ ಹಿರಿಯ ಹೆಂಗಸರಿಂದ ಕಿರಿಯರಿಗೆ ಬಂದ ತಿಳಿವಳಿಕೆ. ಇನ್ನೊಂದು, ಆಯುರ್ವೇದ. ಚರಕಸಂಹಿತೆಯ ಸೂತ್ರಸ್ಥಾನದ 14ನೆಯ ಅಧ್ಯಾಯ ಪೂರ್ತಿ ಸ್ವೇದಕರ್ಮಕ್ಕೆ, ಅಂದರೆ ಬೆವರಿಸುವ ಉಪಚಾರಕ್ಕೆ, ಮೀಸಲು. ಅಗ್ನಿಸಹಿತ ಸ್ವೇದದಲ್ಲಿ 13 ವಿಧಗಳನ್ನು ಅದು ಹೇಳುತ್ತದೆ. ಮನೆಗಳಲ್ಲಿ ಮಾಡುವ ಉಪ್ಪಿನ ಗಂಟಿನ ಶಾಖ ಅವುಗಳಲ್ಲಿ ಒಂದಾದ ಸಂಕರಸ್ವೇದದ ಸರಳ ರೂಪ. ಗಡಿಯಾಚೆಯ ಕೇರಳದ ಎಣ್ಣೆಗಳಾದ ಧನ್ವಂತರ, ಕೊಟ್ಟಂಚುಕ್ಕಾದಿ, ಸಹಚರಾದಿ, ಮುರಿವೆಣ್ಣೆ ಇಲ್ಲಿನ ಅಂಗಡಿಗಳಲ್ಲೂ ಮನೆಗಳಲ್ಲೂ ಸಲೀಸಾಗಿ ಸಿಗುತ್ತವೆ. ಬಯಲುಸೀಮೆಯಲ್ಲಿ ಇಂಥ ಎಣ್ಣೆಗಳಿಗೆ ಎಳ್ಳೆಣ್ಣೆ, ಹರಳೆಣ್ಣೆ ಆಧಾರವಾದರೆ ಇಲ್ಲಿ ಮನೆಯಲ್ಲಿ ಕಾಯಿಸುವುದಕ್ಕೆ ತೆಂಗಿನೆಣ್ಣೆಯೇ ಆಧಾರ.

ಮೂಲಿಕೆಗಳ ತಿಳಿವಳಿಕೆಯನ್ನು ಬರಹಕ್ಕೆ ಇಳಿಸಿದವರಲ್ಲಿ ಪುತ್ತೂರು ತಾಲೂಕಿನ ಪಾಣಾಜೆಯ ವೆಂಕಟರಾಮ ದೈತೋಟ ಅವರ ಹೆಸರು ಪ್ರಮುಖ.

ಹೆಸರಿನ ಒಂದು ಗೊಂದಲವನ್ನು ಇಲ್ಲಿ ಬಿಡಿಸಬೇಕು. ಮುರಿದ ಎಲುಬಿಗೆ ಹಾಕುವ ಪ್ರಸಿದ್ಧ ‘ಪುತ್ತೂರು ಕಟ್ಟು’ ದಕ್ಷಿಣ ಕನ್ನಡದ ಪುತ್ತೂರಿನದಲ್ಲ. ಅದು ಆಂಧ್ರಪ್ರದೇಶದ, ತಿರುಪತಿ ಸಮೀಪದ ಪುತ್ತೂರಿನದು.

ವಿಧಗಳು

ಶಾಖ. ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದೂ, ಪರೀಕ್ಷೆಯಲ್ಲಿ ಹೆಚ್ಚು ಗಟ್ಟಿಯಾಗಿ ನಿಂತಿರುವುದೂ ಇದೇ. ಕಲ್ಲುಪ್ಪನ್ನು ಕಬ್ಬಿಣದ ಕಾವಲಿಯಲ್ಲಿ ಚಟಪಟ ಸದ್ದು ಬರುವವರೆಗೆ ಹುರಿದು ಹತ್ತಿಯ ಬೈರಾಸಿನಲ್ಲಿ ಗಂಟು ಕಟ್ಟುತ್ತಾರೆ. ಗಂಟನ್ನು ಮೊದಲು ಕೊಡುವವರು ತಮ್ಮ ಮುಂಗೈಯ ಒಳಬದಿಗೆ ತಾಗಿಸಿ ನೋಡಬೇಕು. ಅಲ್ಲಿ ತಡೆಯಲಾಗದ ಬಿಸಿ ಬೆನ್ನಿಗೂ ಹೆಚ್ಚು. ಮೊದಮೊದಲು ಗಂಟನ್ನು ಒಂದೆಡೆ ಊರದೆ ಒತ್ತಿ ಒತ್ತಿ ತೆಗೆಯುತ್ತಾರೆ. ಕಾವು ಇಳಿದಂತೆ ಒಂದೇ ಕಡೆ ಇರಿಸುತ್ತಾರೆ. ಒಮ್ಮೆಗೆ 15–20 ನಿಮಿಷ ಸಾಕು. ಉಪ್ಪಿನ ಬದಲು ಅಕ್ಕಿಯ ತವಡು ಅಥವಾ ಹೊಳೆಯ ಮರಳನ್ನೂ ಹುರಿದು ಕಟ್ಟುವುದುಂಟು. ತವಡಿನ ಗಂಟು ಮೆದುವಾಗಿದ್ದು ಬೆನ್ನಿನ ಆಕಾರಕ್ಕೆ ಒಗ್ಗುತ್ತದೆ. ವಿದ್ಯುತ್ ಶಾಖಪಟ್ಟಿ ಮತ್ತು ರಬ್ಬರಿನ ಬಿಸಿನೀರ ಚೀಲ ಇದೇ ಕೆಲಸವನ್ನು ಕಡಿಮೆ ಶ್ರಮದಲ್ಲಿ ಮಾಡುತ್ತವೆ.

ಎಲೆಗಳು. ನೆಕ್ಕಿ ಅಥವಾ ಲಕ್ಕಿ (ವೈಟೆಕ್ಸ್ ನೆಗುಂಡೊ) ಈ ವರ್ಗದಲ್ಲಿ ಮೊದಲನೆಯದು. ಒಂದೇ ತೊಟ್ಟಿನಲ್ಲಿ ಮೂರೋ ಐದೋ ಬೆರಳಿನಂಥ ಎಲೆಗಳು, ಎಲೆಯ ಅಡಿಭಾಗ ಬೂದುಬಿಳಿ, ಹೂವು ತಿಳಿ ನೇರಳೆ, ಎಲೆಯನ್ನು ಜಜ್ಜಿದರೆ ಖಾರವಾದ ವಾಸನೆ. ಕರಿನೆಕ್ಕಿ (ಜಸ್ಟೀಸಿಯ ಜೆಂಡರುಸ್ಸ) ಇದರ ತಳಿಯಲ್ಲ, ಬೇರೆಯೇ ಕುಟುಂಬದ ಗಿಡ. ಅದರ ಕಾಂಡ ಕಪ್ಪುನೇರಳೆ, ಎಲೆ ಒಂಟಿಯಾಗಿ ಈಟಿಯಾಕಾರದಲ್ಲಿರುತ್ತದೆ. ಅದನ್ನೂ ನೋವಿಗೆ ಬಳಸುತ್ತಾರೆ. ಹೆಸರಿನ ಹೋಲಿಕೆಯಿಂದ ಎರಡನ್ನೂ ಒಂದೆಂದು ತಿಳಿಯಬಾರದು. ನೆಕ್ಕಿ, ಹರಳು, ಎಕ್ಕ, ನುಗ್ಗೆ, ಹುಣಸೆ ಎಲೆಗಳನ್ನು ಹೆಚ್ಚಿ, ಸ್ವಲ್ಪ ಎಣ್ಣೆಯಲ್ಲಿ ಬಾಡಿಸಿ, ಗಂಟು ಕಟ್ಟಿ ಶಾಖ ಕೊಡುವುದನ್ನು ಆಯುರ್ವೇದದಲ್ಲಿ ಪತ್ರಪೋಟಲ ಸ್ವೇದ ಎನ್ನುತ್ತಾರೆ. ಬಿಡಿಯಾಗಿ ಎಕ್ಕದ ಎಲೆಗೆ ಎಣ್ಣೆ ಸವರಿ ಕಾವಲಿಯ ಮೇಲೆ ಬಾಡಿಸಿ ಸೊಂಟಕ್ಕೆ ಕಟ್ಟುವುದೂ ಇದೆ. ಎಕ್ಕದ ಹಾಲು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಎಲೆ ಕೊಯ್ದ ಕೈಯನ್ನು ಸಾಬೂನಿನಿಂದ ತೊಳೆಯದೆ ಮುಖ ಮುಟ್ಟಬಾರದು.

ಎಣ್ಣೆ. ನೆಕ್ಕಿ ಸೊಪ್ಪಿನ ರಸವನ್ನು ತೆಂಗಿನೆಣ್ಣೆಗೆ ಸೇರಿಸಿ ಸಣ್ಣ ಉರಿಯಲ್ಲಿ ನೀರಿನಂಶ ಆರುವವರೆಗೆ ಕಾಯಿಸುತ್ತಾರೆ. ಶಾಸ್ತ್ರದ ಸಾಮಾನ್ಯ ಪ್ರಮಾಣ ಅರೆದ ಮದ್ದು (ಕಲ್ಕ) 1 ಪಾಲು, ಎಣ್ಣೆ 4 ಪಾಲು, ರಸ ಅಥವಾ ಕಷಾಯ 16 ಪಾಲು. ಮನೆಗಳಲ್ಲಿ ಇಷ್ಟು ಅಳತೆ ನೋಡುವುದು ಅಪರೂಪ. ಪಾಕ ಬಂದದ್ದನ್ನು ತಿಳಿಯುವ ಗುರುತು ಮಾತ್ರ ಎಲ್ಲ ಕಡೆ ಒಂದೇ: ಕುದಿಯುವ ಸದ್ದು ಅಡಗಬೇಕು, ತಳದ ಕಲ್ಕ ಬೆರಳಲ್ಲಿ ಹೊಸೆದರೆ ಬತ್ತಿಯಾಗಬೇಕು, ಆ ಬತ್ತಿಯನ್ನು ಉರಿಗೆ ಹಿಡಿದರೆ ಸಿಡಿಯಬಾರದು. ನೀರಿನಂಶ ಉಳಿದ ಎಣ್ಣೆ ಬೇಗ ಕಮಟುತ್ತದೆ. ಅವಸರಕ್ಕೆ ತೆಂಗಿನೆಣ್ಣೆ ಬಿಸಿ ಮಾಡಿ ಕರ್ಪೂರ ಕರಗಿಸುವುದೇ ರೂಢಿ. ಬೆಳ್ಳುಳ್ಳಿ ಹಾಕಿ ಕಾಯಿಸುವವರೂ ಇದ್ದಾರೆ. ಕರ್ಪೂರವನ್ನು ಒಲೆಯಿಂದ ಇಳಿಸಿದ ಮೇಲೆಯೇ ಹಾಕಬೇಕು, ಉರಿಯ ಮೇಲೆ ಹಾಕಿದರೆ ಬೆಂಕಿ ಹಿಡಿಯುತ್ತದೆ. ಆ ಎಣ್ಣೆ ಮಕ್ಕಳ ಕೈಗೆ ಸಿಗಬಾರದು, ಕರ್ಪೂರ ಹೊಟ್ಟೆಗೆ ಹೋದರೆ ವಿಷ. ಸುರಹೊನ್ನೆ ಬೀಜದ ಎಣ್ಣೆ ಹಿಂದೆ ಕರಾವಳಿಯಲ್ಲಿ ದೀಪಕ್ಕೂ ಕೀಲುನೋವಿಗೂ ಬಳಕೆಯಲ್ಲಿತ್ತು.

ಎಣ್ಣೆಯನ್ನು ಅಂಗೈಯಿಂದ, ಹಗುರವಾಗಿ, ಬೆನ್ನೆಲುಬಿನ ಮೇಲೆ ಒತ್ತದೆ ಇಕ್ಕೆಲದ ಸ್ನಾಯುವಿನ ಮೇಲೆ ಸವರಬೇಕು. ಪೂರ್ತಿ ಬಲ ಹಾಕಿ ತಿಕ್ಕಿದರೆ ಸೆಟೆದ ಸ್ನಾಯು ಇನ್ನಷ್ಟು ಸೆಟೆಯುತ್ತದೆ.

ಪಟ್ಟು. ಹುಣಸೆಹುಳಿಗೆ ಉಪ್ಪು ಹಾಕಿ ಕುದಿಸಿ ಬೆಚ್ಚಗೆ ಬಳಿಯುವುದು, ಅರಸಿನ ಮತ್ತು ಸುಣ್ಣವನ್ನು ಕಲಸಿ ಹಚ್ಚುವುದು ಊತ ಇರುವ ಕಾಲು, ಮಣಿಕಟ್ಟಿನ ಉಳುಕಿಗೆ ಹೆಚ್ಚು ಪ್ರಚಲಿತ. ಸೊಂಟಕ್ಕೆ ಕಡಿಮೆ. ಸುಣ್ಣ ಹೆಚ್ಚಾದರೆ ಚರ್ಮ ಸುಡುತ್ತದೆ.

ಬಿಸಿನೀರ ಸ್ನಾನ. ಅಡಿಕೆ ಸಿಪ್ಪೆ, ಹಾಳೆ, ಮಡಲು ಉರಿಸಿ ದೊಡ್ಡ ಹಂಡೆಯಲ್ಲಿ ನೀರು ಕಾಯಿಸುವ ಬಚ್ಚಲು ಇಲ್ಲಿನ ತೋಟದ ಮನೆಗಳ ಲಕ್ಷಣ. ನೆಕ್ಕಿ ಅಥವಾ ಹುಣಸೆ ಸೊಪ್ಪು ಹಾಕಿ ಕಾಯಿಸಿದ ನೀರನ್ನು ಸಂಜೆ ಸೊಂಟದ ಮೇಲೆ ಧಾರೆಯಾಗಿ ಹೊಯ್ಯುತ್ತಾರೆ. ಒಬ್ಬರು ಹೊಯ್ಯುತ್ತಿದ್ದರೆ ನೋವಿರುವವರು ಬಾಗುವ ಗೋಜಿಲ್ಲ. ಎಣ್ಣೆ ಹಚ್ಚಿದ ಕಾಲಿನಿಂದ ಒದ್ದೆ ನೆಲದಲ್ಲಿ ಜಾರಿ ಎರಡನೆಯ ಪೆಟ್ಟು ಆಗದಂತೆ ಸ್ಟೂಲಿನ ಮೇಲೆ ಕುಳ್ಳಿರಿಸುವುದು ಒಳ್ಳೆಯದು.

ಆಹಾರ. ಮೆಂತೆ ಗಂಜಿ, ತುಳುವಿನ ‘ಮೆತ್ತೆದ ಗಂಜಿ’, ಬೆನ್ನುನೋವಿಗೆ ತುಳುನಾಡಿನ ಪ್ರಸಿದ್ಧ ಪಥ್ಯ. ರಾತ್ರಿ ನೆನೆಸಿದ ಮೆಂತೆಯನ್ನು ಅಕ್ಕಿಯೊಂದಿಗೆ ಮೆತ್ತಗೆ ಬೇಯಿಸಿ, ಬೆಲ್ಲ ಹಾಕಿ, ಕೊನೆಗೆ ದಪ್ಪ ತೆಂಗಿನ ಹಾಲು ಸೇರಿಸಿ ಇಳಿಸುತ್ತಾರೆ. ಹಾಲು ಹಾಕಿದ ಮೇಲೆ ಕುದಿಸಿದರೆ ಒಡೆಯುತ್ತದೆ. ಮಳೆಗಾಲದ ಆಟಿ ತಿಂಗಳಲ್ಲೂ ಬಾಣಂತನದಲ್ಲೂ ಇದನ್ನು ಕೊಡುವ ರೂಢಿಯಿದೆ. ಹುರುಳಿ ಸಾರು, ಉದ್ದಿನ ತಿನಿಸು ಸೊಂಟಕ್ಕೆ ಬಲ ಎಂಬ ನಂಬಿಕೆಯೂ ಇದೆ. ಇವು ಪುಷ್ಟಿಕರ ಆಹಾರ, ಆದರೆ ಉಳುಕನ್ನು ಬೇಗ ವಾಸಿ ಮಾಡುತ್ತವೆ ಎನ್ನಲು ಪುರಾವೆ ಇಲ್ಲ. ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರು ಗಂಜಿಯ ಬೆಲ್ಲವನ್ನು ಲೆಕ್ಕಕ್ಕೆ ಹಿಡಿಯಬೇಕು.

ಉಳುಕು ತೆಗೆಯುವುದು. ಮಂತ್ರಿಸಿದ ನೂಲು ಅಥವಾ ನೀರು ಕೊಡುವುದು, ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನನ್ನು ಮೆಲ್ಲಗೆ ತುಳಿಸುವುದು ಕರ್ನಾಟಕದ ಹಲವೆಡೆ ಇರುವ ಆಚರಣೆಗಳು. ನೂಲಿನಿಂದ ಹಾನಿಯಿಲ್ಲ. ಬೆನ್ನು ತುಳಿಸುವುದು, ಸೊಂಟವನ್ನು ಏಕಾಏಕಿ ತಿರುಚಿ ‘ಲಟಕ್’ ಎನಿಸುವುದು ಡಿಸ್ಕ್ ಜಾರಿದವರಲ್ಲೂ ಎಲುಬು ಸವೆದ ವೃದ್ಧರಲ್ಲೂ ಶಾಶ್ವತ ಹಾನಿ ಮಾಡಬಲ್ಲುದು.

ಉಡದ ಕೊಬ್ಬು, ನವಿಲೆಣ್ಣೆ, ಹೆಬ್ಬಾವಿನ ಕೊಬ್ಬು ಬೆನ್ನುನೋವಿಗೆ ಒಳ್ಳೆಯದೆಂಬ ಮಾತು ಹಿಂದಿನಿಂದ ಇದೆ. ಈ ಗುಣಕ್ಕೆ ಆಧಾರವಿಲ್ಲ. ಮೂರೂ ಜೀವಿಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅವನ್ನು ಕೊಲ್ಲುವುದೂ ಅವುಗಳ ಕೊಬ್ಬು ಮಾರುವುದೂ ಅಪರಾಧ.

ಬಳಕೆಯ ಕ್ರಮ

ಉಳುಕಿದ ಕೂಡಲೇ ಕೆಲಸ ನಿಲ್ಲಿಸಿ, ಬೆನ್ನ ಮೇಲೆ ಮಲಗಿ ಮೊಣಕಾಲಿನ ಕೆಳಗೆ ದಿಂಬು ಇಟ್ಟುಕೊಳ್ಳುವುದು, ಅಥವಾ ಮಗ್ಗುಲಾಗಿ ಮಲಗಿ ಎರಡು ಮೊಣಕಾಲುಗಳ ನಡುವೆ ದಿಂಬು ಇಡುವುದು ಹೆಚ್ಚಿನವರಿಗೆ ಹಿತ. ಏಳುವಾಗ ನೇರವಾಗಿ ಎದ್ದು ಕೂರದೆ ಮಗ್ಗುಲಿಗೆ ಹೊರಳಿ, ಕಾಲನ್ನು ಮಂಚದಿಂದ ಇಳಿಬಿಟ್ಟು, ಕೈ ಊರಿ ಏಳಬೇಕು. ಮೊದಲ ಒಂದೆರಡು ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15 ನಿಮಿಷ ಇಡುವುದು, ಆಮೇಲೆ ಶಾಖ ಕೊಡುವುದು ವೈದ್ಯರು ಸಾಮಾನ್ಯವಾಗಿ ಹೇಳುವ ಕ್ರಮ. ಆದರೆ ಹಳ್ಳಿಮನೆಗಳಲ್ಲಿ ಮೊದಲ ದಿನದಿಂದಲೇ ಶಾಖ ಕೊಡುತ್ತಾರೆ. ಊತ, ನೀಲಿಗಟ್ಟಿದ ಗುರುತು ಇಲ್ಲದ ಸ್ನಾಯು ಹಿಡಿತದಲ್ಲಿ ಅದರಿಂದ ತೊಂದರೆಯಿಲ್ಲ.

ಎರಡನೆಯ ದಿನದಿಂದ ಅಂಗಳದಲ್ಲಿ ನಿಧಾನವಾಗಿ ನಡೆದಾಡಬೇಕು. ಹಾಸಿಗೆ ಹಿಡಿದು ವಾರಗಟ್ಟಲೆ ಮಲಗುವ ಪದ್ಧತಿಯನ್ನು ಬಿಡಬೇಕಾಗಿದೆ. ಅಮೆರಿಕದಲ್ಲಿ 1986ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಏಳು ದಿನ ಮಲಗಿದವರಿಗಿಂತ ಎರಡು ದಿನ ಮಲಗಿದವರು ಬೇಗ ಕೆಲಸಕ್ಕೆ ಮರಳಿದರು. 1995ರ ಫಿನ್‌ಲೆಂಡಿನ ಪ್ರಯೋಗದಲ್ಲಿ ನೋವು ತಡೆಯುವಷ್ಟರ ಮಟ್ಟಿಗೆ ದಿನದ ಕೆಲಸ ಮುಂದುವರಿಸಿದವರೇ ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು. ದಿನಗೂಲಿಯವರಿಗೆ ಇದು ಸಮಾಧಾನದ ಸುದ್ದಿಯಾದರೂ, ಕಲ್ಲು ಹೊರುವ ಕೆಲಸಕ್ಕೆ ಮರುದಿನವೇ ಹೋಗಬಹುದು ಎಂದು ಅದರ ಅರ್ಥವಲ್ಲ.

ವೈದ್ಯಕೀಯ ಪರಿಶೀಲನೆ

ಕೆಳಬೆನ್ನಿನ ನೋವು 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನರನ್ನು ಕಾಡುತ್ತಿತ್ತು ಎಂಬುದು ಜಾಗತಿಕ ರೋಗಹೊರೆ ಅಧ್ಯಯನದ ಅಂದಾಜು. ಏಕಾಏಕಿ ಬಂದ ನೋವು ಬಹುಪಾಲು ಜನರಲ್ಲಿ ನಾಲ್ಕರಿಂದ ಆರು ವಾರಗಳಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ಯಾವ ಮದ್ದಿನ ಕೀರ್ತಿಯನ್ನು ಅಳೆಯುವಾಗಲೂ ಈ ಸಂಗತಿಯನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು.

ಶಾಖದ ಬಗ್ಗೆ 2006ರ ಕಾಕ್ರೇನ್ ಪರಿಶೀಲನೆ 9 ಪ್ರಯೋಗಗಳ 1,117 ಜನರ ಫಲಿತಾಂಶ ನೋಡಿ, ಶಾಖಪಟ್ಟಿಯಿಂದ ಅಲ್ಪಾವಧಿಗೆ, ಸಣ್ಣ ಪ್ರಮಾಣದಲ್ಲಿ, ನೋವು ನಿಜವಾಗಿಯೂ ಇಳಿಯುತ್ತದೆ ಎಂದಿತು. ಮಂಜುಗಡ್ಡೆಯ ಬಗ್ಗೆ ತೀರ್ಮಾನಿಸುವಷ್ಟು ಪುರಾವೆ ಸಿಗಲಿಲ್ಲ. ಅಮೆರಿಕದ ವೈದ್ಯರ ಕಾಲೇಜು 2017ರಲ್ಲಿ ಕೊಟ್ಟ ಮಾರ್ಗಸೂಚಿ ಮಾತ್ರೆಗೆ ಮುಂಚೆ ಶಾಖ, ಅಂಗಮರ್ದನದಂಥ ಉಪಚಾರಗಳನ್ನು ಸೂಚಿಸುತ್ತದೆ. 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಆಸ್ಟ್ರೇಲಿಯಾದ ದೊಡ್ಡ ಪ್ರಯೋಗದಲ್ಲಿ ಪ್ಯಾರಾಸಿಟಮಾಲ್ ಹುಸಿಮಾತ್ರೆಗಿಂತ ಹೆಚ್ಚು ಕೆಲಸ ಮಾಡಲಿಲ್ಲ. ನೆಕ್ಕಿಯ ಸಾರಕ್ಕೆ ಉರಿಯೂತ ತಗ್ಗಿಸುವ ಗುಣವಿದೆ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಮನುಷ್ಯರ ಸೊಂಟದ ಉಳುಕಿನ ಬಗ್ಗೆ ಅಷ್ಟು ಭರವಸೆಯಿಂದ ಹೇಳುವಂತಿಲ್ಲ. ನೆಕ್ಕಿ ಗಂಟಿನಲ್ಲಿ ಎಲೆಯ ಪಾಲೆಷ್ಟು, ಬಿಸಿಯ ಪಾಲೆಷ್ಟು ಎಂಬುದು ಇನ್ನೂ ಬೇರ್ಪಟ್ಟಿಲ್ಲ.

ಮಿತಿ ಮತ್ತು ಅಪಾಯದ ಲಕ್ಷಣಗಳು

ಅಡಿಕೆ ಮರ, ತೆಂಗಿನ ಮರ, ಏಣಿ, ಮಾಡು, ಧರೆಯಿಂದ ಬಿದ್ದವರಿಗೆ ಯಾವ ಮನೆಮದ್ದೂ ಮಾಡಬಾರದು. ಬಿದ್ದವರನ್ನು ಎಬ್ಬಿಸಿ ಕೂರಿಸುವುದು, ನೀರು ಕುಡಿಸಲು ತಲೆ ಎತ್ತುವುದು, ಇಬ್ಬರು ಕೈಕಾಲು ಹಿಡಿದು ಎತ್ತಿ ರಿಕ್ಷಾದಲ್ಲಿ ಮಡಚಿ ಕೂರಿಸುವುದು ಇವುಗಳಿಂದ ಮುರಿದ ಕಶೇರುಕ ಬೆನ್ನುಹುರಿಯನ್ನು ಕತ್ತರಿಸಬಹುದು. ನಡೆಯಬಹುದಾಗಿದ್ದ ಮನುಷ್ಯ ತೋಟದಿಂದ ರಸ್ತೆಗೆ ಬರುವಷ್ಟರಲ್ಲಿ ಕಾಲಿನ ಸ್ವಾಧೀನ ಕಳೆದುಕೊಳ್ಳುವುದು ಹೀಗೆ. ತಲೆ, ಕುತ್ತಿಗೆ, ಬೆನ್ನು ಒಂದೇ ರೇಖೆಯಲ್ಲಿರುವಂತೆ ಮೂರು ನಾಲ್ಕು ಜನ ಒಟ್ಟಿಗೆ ಹೊರಳಿಸಿ ಹಲಗೆ ಅಥವಾ ಬಾಗಿಲಿನ ಮೇಲೆ ಮಲಗಿಸಿ, ಅಲುಗದಂತೆ ಕಟ್ಟಿ ಸಾಗಿಸಬೇಕು. ರಾಜ್ಯದಲ್ಲಿ 108 ಆಂಬ್ಯುಲೆನ್ಸ್ ಸೇವೆ 2008ರ ನವೆಂಬರ್‌ನಿಂದ ಇದೆ.

ಬೀಳದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳಿವೆ: ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ಗುದ ಮತ್ತು ಜನನಾಂಗದ ಸುತ್ತ ಜೋಮು, ಕಾಲಿನ ಬಲ ಕುಂದುವುದು, ಪಾದ ಎತ್ತಲಾಗದಿರುವುದು. ಇವು ಸೊಂಟದ ಕೆಳಗಿನ ನರಗುಚ್ಛ ಒತ್ತಿಹೋಗಿರುವ ಗುರುತು. ಶಸ್ತ್ರಚಿಕಿತ್ಸೆ ತಡವಾದಷ್ಟೂ ಹಾನಿ ಉಳಿದುಬಿಡುತ್ತದೆ. ಕ್ಯಾನ್ಸರ್ ಇದ್ದವರು, ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಂಡವರು, ಸಣ್ಣ ಏಟಿಗೂ ನೋವು ಬಂದ ವೃದ್ಧೆಯರು ಕಾಯುತ್ತ ಕೂರಬಾರದು.

ಈ ಪ್ರದೇಶಕ್ಕೇ ವಿಶೇಷವಾಗಿ ಸಲ್ಲುವ ಇನ್ನೊಂದು ಎಚ್ಚರಿಕೆ ಮಳೆಗಾಲದ್ದು. ತೋಟದ ಕೆಸರಿನಲ್ಲಿ ಕೆಲಸ ಮಾಡಿದವರಿಗೆ ಜ್ವರದ ಜೊತೆ ಬೆನ್ನು ಮತ್ತು ಮೀನಖಂಡದಲ್ಲಿ ತೀವ್ರ ನೋವು ಬಂದರೆ ಅದು ಇಲಿಜ್ವರ ಇರಬಹುದು. ಡೆಂಗಿಯಲ್ಲೂ ಬೆನ್ನು ಮುರಿದಂಥ ನೋವು ಇರುತ್ತದೆ. ಮೈಗೆಲಸದ ನೋವೆಂದು ಎಣ್ಣೆ ತಿಕ್ಕುತ್ತಾ ದಿನ ಕಳೆದರೆ ಮೂತ್ರಪಿಂಡ, ಯಕೃತ್ತಿಗೆ ಏಟು ಬೀಳುತ್ತದೆ.

ಸ್ಪರ್ಶಜ್ಞಾನ ಕುಗ್ಗಿದ ಮಧುಮೇಹಿಗಳಿಗೆ ಶಾಖ ಕೊಡುವಾಗ ಸುಟ್ಟದ್ದೇ ತಿಳಿಯುವುದಿಲ್ಲ. ಗರ್ಭಿಣಿಯರಿಗೆ ವೈದ್ಯರನ್ನು ಕೇಳದೆ ತೀವ್ರ ಶಾಖ, ಅಂಗಮರ್ದನ ಸಲ್ಲದು. ಮೆಡಿಕಲ್ ಅಂಗಡಿಯಿಂದ ಕೇಳಿ ತರುವ ನೋವಿನ ಮಾತ್ರೆಗಳು ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರಿಗೆ ಅಪಾಯಕಾರಿ. ಹೆಸರು, ಅಂಶಗಳ ವಿವರ ಇಲ್ಲದ ‘ಗಿಡಮೂಲಿಕೆ’ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದು ದೇಶದ ಹಲವೆಡೆ ಪತ್ತೆಯಾಗಿದೆ.

ಇಂದಿನ ಸ್ಥಿತಿ

ಸುಳ್ಯದಲ್ಲಿ ಕೆ.ವಿ.ಜಿ. ವೈದ್ಯಕೀಯ ಕಾಲೇಜು ಮತ್ತು ಕೆ.ವಿ.ಜಿ. ಆಯುರ್ವೇದ ವೈದ್ಯಕೀಯ ಕಾಲೇಜು ಎರಡೂ ಇರುವುದರಿಂದ ಆಧುನಿಕ ಚಿಕಿತ್ಸೆಯೂ, ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬೆಚ್ಚಗಿನ ಎಣ್ಣೆ ನಿಲ್ಲಿಸುವ ಕಟಿಬಸ್ತಿಯಂಥ ಉಪಚಾರವೂ ಒಂದೇ ಊರಿನಲ್ಲಿ ಸಿಗುತ್ತವೆ. ಮನೆಯಲ್ಲಿ ಎಣ್ಣೆ ಕಾಯಿಸುವ ರೂಢಿ ಇಳಿದು, ಅಂಗಡಿಯ ಸೀಸೆ ಮತ್ತು ಮುಲಾಮು ಆ ಜಾಗಕ್ಕೆ ಬಂದಿವೆ. ಹಸಿರು ಬೇಲಿ ಹೋಗಿ ತಂತಿ ಬೇಲಿ, ಕಾಡುಗಿಡದ ಗುಡ್ಡ ಹೋಗಿ ರಬ್ಬರ್ ಬಂದ ಕಡೆಗಳಲ್ಲಿ ನೆಕ್ಕಿ ಸೊಪ್ಪನ್ನೂ ಹುಡುಕಬೇಕಾಗಿದೆ. ಒಂದು ರೆಂಬೆ ನೆಟ್ಟರೆ ಚಿಗುರುವ ಗಿಡ ಇದು, ಉಳಿಸಿಕೊಳ್ಳುವುದು ಕಷ್ಟವಲ್ಲ.

ಗಾಯವೇ ಆಗದಂತೆ ನೋಡುವ ಕೆಲಸವೂ ನಡೆದಿದೆ. ಪುತ್ತೂರಿನಿಂದ 1988ರಿಂದ ಪ್ರಕಟವಾಗುತ್ತಿರುವ ‘ಅಡಿಕೆ ಪತ್ರಿಕೆ’ ಕೃಷಿಕರ ಅನುಭವಗಳನ್ನೂ ಶ್ರಮ ಇಳಿಸುವ ಉಪಕರಣಗಳನ್ನೂ ಓದುಗರ ಮುಂದಿಡುತ್ತಾ ಬಂದಿದೆ. ಮರ ಹತ್ತುವ ತರಬೇತಿಯಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಕೈಜೋಡಿಸಿದೆ. ನೆಲದಲ್ಲೇ ನಿಂತು ಕೊಯ್ಯುವ ಮತ್ತು ಮದ್ದು ಬಿಡುವ ಕಾರ್ಬನ್ ಫೈಬರ್ ದೋಟಿಗಳು ತೋಟಗಳಿಗೆ ಬಂದಿವೆ. ಇವು ಮರದಿಂದ ಬೀಳುವ ಭಯವನ್ನು ತಪ್ಪಿಸುತ್ತವೆ, ಆದರೆ ದಿನವಿಡೀ ತಲೆ ಎತ್ತಿ ದುಡಿಯುವವರಿಗೆ ಕುತ್ತಿಗೆ ಮತ್ತು ಭುಜದ ನೋವು ಹೊಸದಾಗಿ ಅಂಟುತ್ತಿದೆ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ಬೆನ್ನುಹುರಿಗೆ ಪೆಟ್ಟಾಗಿ ನಡೆದಾಡಲಾಗದವರಿಗೆ ಕಡಬದ ನೆರೆಯ ಬೆಳ್ತಂಗಡಿ ತಾಲೂಕಿನ ಕೊಕ್ಕಡ ಸಮೀಪ, ಸೌತಡ್ಕದಲ್ಲಿ ಸೇವಾಭಾರತಿಯ ‘ಸೇವಾಧಾಮ’ ಪುನಶ್ಚೇತನ ಕೇಂದ್ರ ಕೆಲಸ ಮಾಡುತ್ತಿದೆ.